ಪಾದರಸದ ಜೋಡಿ ಮತ್ತು ಬೆಂಗಳೂರಿನ ಒಂದು ಉಪನ್ಯಾಸ

ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ. ತುಂಗಭದ್ರೆಯ ದಡದ ಈ ಊರಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ನನಗೆ, ಹೊನ್ನಿನ ನೆಪದಿಂದ ಪಾದರಸದ ಪಾಠಕ್ಕೆ ಬರುವುದು ಸುಲಭವಾಗಿತ್ತು. ಕೋಲಾರದ ಗಣಿಗಳಲ್ಲಿ ಅದಿರನ್ನು ಪುಡಿಮಾಡಿ, ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನವನ್ನು ಹಿಡಿಯುತ್ತಿದ್ದ ಕಾಲವಿತ್ತು. ಆದರೆ ಅದು ಮಿಶ್ರಲೋಹದ ಕಥೆ. ಪಾದರಸದ ಸಂಯುಕ್ತಗಳ ಕಥೆ ಇನ್ನೂ ಸ್ವಾರಸ್ಯಕರವಾದುದು.

ಕ್ಯಾಲೊಮೆಲ್ ಎಂಬ ಮರ್ಕ್ಯುರಸ್ ಕ್ಲೋರೈಡಿನಲ್ಲಿ ಪಾದರಸ ಮತ್ತು ಕ್ಲೋರಿನ್ ಪರಮಾಣುಗಳು ಸಮಸಂಖ್ಯೆಯಲ್ಲಿವೆ. ಆದರೂ ಪಠ್ಯಪುಸ್ತಕವು ಎರಡಕ್ಕೆ ಎರಡು ಎಂದೇ ಸೂತ್ರ ಬರೆಯುತ್ತದೆ. 'ಸಾರ್, ಒಂದಕ್ಕೆ ಒಂದು ಎಂದು ಸಂಕ್ಷೇಪಿಸಬಾರದೇಕೆ?' ಎಂದು ಮಕ್ಕಳು ಕೇಳುತ್ತಿದ್ದರು. ಗಣಿತದ ದೃಷ್ಟಿಯಿಂದ ಅವರ ಮಾತು ಸರಿಯೇ. ಉತ್ತರ ಸಿಗಬೇಕಾದರೆ ಇತಿಹಾಸಕ್ಕೆ ಹೋಗಬೇಕು.

1896ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಫುಲ್ಲಚಂದ್ರ ರಾಯರು ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಪಾದರಸವನ್ನಿಟ್ಟು, ಮರ್ಕ್ಯುರಸ್ ನೈಟ್ರೈಟಿನ ಹಳದಿ ಹರಳುಗಳನ್ನು ಪಡೆದು ಪ್ರಕಟಿಸಿದರು. ಎರಡು ವರ್ಷಗಳ ತರುವಾಯ, 1898ರಲ್ಲಿ, ಆಗ್ ಎಂಬವರು ಮರ್ಕ್ಯುರಸ್ ಲವಣದ ದ್ರಾವಣಗಳಿಂದ ವಿದ್ಯುತ್ ಕೋಶ ಕಟ್ಟಿದರು. ಒಂದರ ಸಾರತೆ ಇನ್ನೊಂದರ ಹತ್ತರಷ್ಟು. ಅಯಾನಿನ ಮೇಲೆ ಒಂದೇ ಆವೇಶವಿದ್ದರೆ ಸುಮಾರು 58 ಮಿಲಿವೋಲ್ಟ್ ಬರಬೇಕು. ಎರಡಿದ್ದರೆ ಅದರ ಅರ್ಧ. ಬಂದದ್ದು ಸುಮಾರು 29. ಅಂದರೆ ಎರಡು ಪಾದರಸ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡೇ ದ್ರಾವಣದಲ್ಲಿ ಸಂಚರಿಸುತ್ತವೆ. ಪ್ರತಿ ಪರಮಾಣುವಿನ ಹೊರಕವಚದಲ್ಲಿರುವ ಎರಡು ಇಲೆಕ್ಟ್ರಾನುಗಳಲ್ಲಿ ಒಂದು ಹೊರಟುಹೋಗುತ್ತದೆ. ಉಳಿದೊಂದನ್ನು ಅವು ಪರಸ್ಪರ ಹಂಚಿಕೊಳ್ಳುತ್ತವೆ. ಲೋಹ ಲೋಹದೊಡನೆಯೇ ಸಹವೇಲೆನ್ಸಿ ಬಂಧ ಕಟ್ಟುವ ಈ ರೀತಿ ಅಪರೂಪ.

ಇನ್ನೊಂದು ಸಾಕ್ಷ್ಯಕ್ಕೆ ನಮ್ಮ ನಾಡಿನ ನಂಟಿದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ನರು ತಮ್ಮ ಹೊಸ ಬೆಳಕಿನ ಪರಿಣಾಮವನ್ನು ವಿವರಿಸಿ ಉಪನ್ಯಾಸವಿತ್ತದ್ದು ಬೆಂಗಳೂರಿನಲ್ಲಿ. ರೋಹಿತದ ಚಿತ್ರ ತೆಗೆಯಲು ಅವರು ಬಳಸಿದ್ದೂ ಪಾದರಸದ ದೀಪವನ್ನೇ! ಒಂಟಿ ಪರಮಾಣುವಿನಲ್ಲಿ ಕಂಪಿಸಲು ಬಂಧವೆಲ್ಲಿದೆ? ಜೋಡಿಯಿದ್ದರೆ ಕಂಪನವಿರುತ್ತದೆ, ರಾಮನ್ ರೋಹಿತದಲ್ಲಿ ಅದರ ರೇಖೆ ಮೂಡುತ್ತದೆ. 1934ರಲ್ಲಿ ವುಡ್‌ವರ್ಡ್ ಎಂಬ ಆಂಗ್ಲ ವಿಜ್ಞಾನಿ ಮರ್ಕ್ಯುರಸ್ ನೈಟ್ರೇಟಿನ ದ್ರಾವಣವನ್ನು ಪರೀಕ್ಷಿಸಿದಾಗ, ಬೇರೆ ಲೋಹಗಳ ನೈಟ್ರೇಟುಗಳಲ್ಲಿ ಕಾಣದ ರೇಖೆಯೊಂದು ಸ್ಪಷ್ಟವಾಗಿ ಕಂಡಿತು. ಜೋಡಿ ತನ್ನ ಇರವನ್ನು ತಾನೇ ಸಾರಿತು.

ಪಾದರಸದ ಈ ಬಂಧಪ್ರೀತಿಗೆ ಕರಾಳ ಮುಖವೂ ಉಂಟು. ಮರ್ಕ್ಯುರಿಕ್ ಸ್ಥಿತಿಯಲ್ಲಿ ಅದಕ್ಕೆ ಗಂಧಕದ ಮೇಲೆ ಬಲು ಮೋಹ. ಇಂಗಲೀಕ ಆಗುವುದು ಆ ಮೋಹದಿಂದಲೇ. ದೇಹದ ಪ್ರೋಟೀನುಗಳಲ್ಲಿರುವ ಗಂಧಕವನ್ನು ಹಿಡಿದು ವಿಷವಾಗುವುದೂ ಅದರಿಂದಲೇ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ದುರಂತ ಮೀಥೈಲ್ ಪಾದರಸದ್ದು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. ಭಾರತವೂ ಅದರ ಸದಸ್ಯ.

ಸೂತ್ರದಲ್ಲಿನ ಆ ಪುಟ್ಟ ಎರಡನ್ನು ಕಂಠಪಾಠ ಮಾಡಿಸುವುದು ಎರಡು ನಿಮಿಷದ ಕೆಲಸ. ಅದರ ಹಿಂದಿನ ಮೂವತ್ತಾರು ವರ್ಷಗಳ ಶೋಧನೆಯನ್ನು ಹೇಳಲು ಒಂದು ಪೂರ್ಣ ಪಿರಿಯಡ್ ಬೇಕು. ಇಂದಿನ ಅಧ್ಯಾಪಕ ಮಿತ್ರರು ಆ ಒಂದು ಪಿರಿಯಡನ್ನು ಮಕ್ಕಳಿಗೆ ಕೊಡಲಿ ಎಂಬುದು ನನ್ನ ಕೋರಿಕೆ.