ಕಬ್ಬಿಣ ಹೋಯಿತು, ತಂತಿ ಉಳಿಯಿತು

ಕಲಬುರಗಿಯ ಹಳೇ ಮನೆಗಳಲ್ಲಿ ನಳದ ಕಬ್ಬಿಣದ ಪೈಪಿಗೇ ಅರ್ಥಿಂಗ್ ತಂತಿ ಸುತ್ತುವ ರೂಢಿಯಿತ್ತು. ಕಮಲಾಪುರದ ಕೆಂಪು ಬಾಳೆ ತೋಟಗಳಿಗೆ ಕರೆಂಟ್ ಮೋಟಾರ್ ಬಂದಾಗಲೂ ಬಾವಿಗೆ ಇಳಿಬಿಟ್ಟದ್ದು ಕಬ್ಬಿಣದ ಪೈಪನ್ನೇ. ಮೋಟಾರಿನ ಮೈಗೆ ಸೋರಿದ ಕರೆಂಟ್ ಆ ಪೈಪಿನಲ್ಲಿಳಿದು, ನೀರು ಸೇರಿ, ನೆಲ ಸೇರುತ್ತಿತ್ತು. ಅರ್ಥಿಂಗ್ ತಂತಿ ಹರಿದಿದ್ದರೂ ಎಷ್ಟೋ ಸಲ ಅದರ ಕೊರತೆ ಕಾಣುತ್ತಿರಲಿಲ್ಲ. ಆಮೇಲೆ ಮನೆಗೆ ಪಿವಿಸಿ ಬಂತು, ಬೋರ್‌ವೆಲ್ಲಿಗೆ ಕರಿ ಪ್ಲಾಸ್ಟಿಕ್ ಪೈಪು ಬಂತು. ಎರಡರಲ್ಲೂ ಕರೆಂಟ್ ಹರಿಯದು. ಹಿಂದೆ ಕಬ್ಬಿಣವೂ ಹೊತ್ತಿದ್ದ ಭಾರವೆಲ್ಲ ಈಗ ಒಂದು ತಂತಿಯ ಮೇಲಿದೆ. ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ರೈತ ಸತ್ತಾಗ ಅವನ ಅಸಡ್ಡೆಯನ್ನಷ್ಟೇ ಆಡಿಕೊಳ್ಳುವವರು ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಯಮ ಇರಲಿಲ್ಲವೇ ಎಂದರೆ, ಇತ್ತು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಮೂರು ಫೇಸಿನ ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥಿಂಗ್ ಸಂಪರ್ಕ ಇರಬೇಕು, ಅದನ್ನು ಮಾಲೀಕನೇ ಮಾಡಿಸಬೇಕು ಎಂದು 61ನೆಯ ನಿಯಮ ಹೇಳಿತು. ಒಂದು ಹರಿದರೆ ಇನ್ನೊಂದು ಕಾಯಲಿ ಎಂಬ ವಿವೇಕ ಅದರಲ್ಲಿತ್ತು. 33ನೆಯ ನಿಯಮ ಮಾತ್ರ ಹೊಣೆಯನ್ನು ಹಂಚಿತು: ಮೀಟರ್ ಬಳಿಯ ಅರ್ಥ್ ಟರ್ಮಿನಲ್ ಕರೆಂಟ್ ಕೊಡುವವರದು, ಇಂಥ ಮೋಟಾರಿಗೆ ಬೇಕಾದ ಅರ್ಥಿಂಗ್ ಬಳಸುವವನದು. ತಂತಿ ಇಲ್ಲದಿದ್ದರೂ ಮೋಟಾರ್ ಓಡುತ್ತದೆ, ನೀರು ಬರುತ್ತದೆ. ಹಾಗಿರುವಾಗ ತನ್ನ ಪಾಲಿನ ಹೊಣೆ ಇದೆಂದು ರೈತನಿಗೆ ಯಾರೂ ಕುಳಿತು ಹೇಳದೆ ಅದು ತಿಳಿಯುವುದಾದರೂ ಹೇಗೆ?

ಫ್ಯೂಸ್ ಇದೆಯಲ್ಲ, ತಂತಿಗೇಕೆ ಇಷ್ಟು ಮಹತ್ವ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ನೆಲದ ದಾರಿಯ ಒಟ್ಟು ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. ಮೋಟಾರ್ ಶುರುವಾಗುವಾಗಿನ ಎಳೆತ ತಾಳಲೆಂದು ಹಾಕಿದ ಫ್ಯೂಸ್ ಅಷ್ಟಕ್ಕೆ ಸುಡುವುದಿಲ್ಲ, ಪೆಟ್ಟಿಗೆಯ ಮೈ ಕರೆಂಟ್ ಹಿಡಿದೇ ನಿಲ್ಲುತ್ತದೆ. ನಮ್ಮದು ಎರೆ ಭೂಮಿ, ತೇವ ಹಿಡಿಯುತ್ತದೆ, ತಡೆ ಕಡಿಮೆ ಎಂಬ ಇನ್ನೊಂದು ವಾದ ಮಳೆಗಾಲಕ್ಕೆ ಸರಿ. ಬೇಸಿಗೆಯಲ್ಲಿ ಅದೇ ಎರೆ ಬಿರಿದು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವ ಪದ್ಧತಿ ಬಂದದ್ದು ಇದಕ್ಕೇ. ಆ ಉಪ್ಪೇ ತಂತಿಯನ್ನೂ ತಿನ್ನುತ್ತದೆ. ಹಾಗಾಗಿ ತಂತಿ ಹರಿಯುವುದು ಹೆಚ್ಚಾಗಿ ನೆಲ ಮುಟ್ಟುವಲ್ಲಿ, ಜೋಡಣೆಯಲ್ಲಿ.

ಹರಿದದ್ದನ್ನು ಹೊಸೆದು ಕಟ್ಟಿದರೆ ಸಾಲದು. ಮೇನ್ ತೆಗೆದು, ಪೂರ್ತಿ ಹೊಸ ತಂತಿ ಎಳೆಯಬೇಕು; ಪೆಟ್ಟಿಗೆಯ ಬಣ್ಣ ಕೆರೆದು, ವಾಷರ್ ಹಾಕಿ ನಟ್ಟು ಬಿಗಿಯಬೇಕು. ಜೊತೆಗೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಬ್ರೇಕರ್ ಬೇಕು. 2002ರಿಂದ ಈ ಭಾಗಕ್ಕೆ ಕರೆಂಟ್ ಕೊಡುತ್ತಿರುವ ಜೆಸ್ಕಾಂ ಕಮಲಾಪುರದ ಪ್ರತಿ ಪಂಪ್‌ಸೆಟ್ಟಿನ ಎರಡೂ ತಂತಿಗಳನ್ನು ಬೇಸಿಗೆ ಮುಗಿಯುವ ಮುನ್ನ ಒಮ್ಮೆ ಪರೀಕ್ಷಿಸಲಿ.