ಬಾಧಾಪರಿಹಾರ

ಕುರುಗೋಡನ್ನು ಸಿಂದರು ಆಳುತ್ತಿದ್ದ 12ನೆಯ ಶತಮಾನದಲ್ಲಿ, ಗುಡಿಗೆ ಹೊಲ ಬಿಟ್ಟವರು ಅದನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು. ಆ ಕಾಲದ ಕನ್ನಡ ದಾನಶಾಸನಗಳ ಚಿರಪರಿಚಿತ ಮಾತು ‘ಸರ್ವಬಾಧಾಪರಿಹಾರ’. ಅಲ್ಲಿ ಬಾಧೆಯೆಂದರೆ ಮೈನೋವಲ್ಲ. ತೆರಿಗೆ, ಬಿಟ್ಟಿ ಚಾಕರಿ, ಅಧಿಕಾರಿಗಳ ಕಾಟ. ಪರಿಹಾರವೆಂದರೆ ಅವುಗಳಿಂದ ವಿನಾಯಿತಿ. ಸುಂಕದವನು ಬದುವಿನಾಚೆಗೇ ನಿಲ್ಲಬೇಕು.

ಇಂದಿನ ಮಾತಿನಲ್ಲಿ ಬಾಧೆ ಮೈಯದು: ರೋಗಬಾಧೆ, ಜಲಬಾಧೆ. ಪರಿಹಾರ ಕಚೇರಿ ಸೇರಿತು: ಸಿರುಗುಪ್ಪದ ಗದ್ದೆಗೆ ತುಂಗಭದ್ರೆ ನುಗ್ಗಿದರೆ ರೈತರು ಕೇಳುವುದು ಬೆಳೆ ಪರಿಹಾರ. ರಾತ್ರಿಯೆಲ್ಲ ಜಲಬಾಧೆಗೆ ಏಳುತ್ತ, ವಯಸ್ಸಾಯಿತೆಂದು ಸುಮ್ಮನಿದ್ದು, ಸೊಂಟದ ಮೂಳೆ ನೋಯತೊಡಗಿದ ಮೇಲೆ ಬಳ್ಳಾರಿಯ ಆಸ್ಪತ್ರೆಗೆ ಬರುವ ಹಿರಿಯರು ಕೇಳುವುದೂ ಅದನ್ನೇ: “ಏನಾರ ಪರಿಹಾರ ಐತೇನ್ರಿ, ಡಾಕ್ಟ್ರೇ?”

ಶಾಸನದ ಪರಿಹಾರಕ್ಕೆ ಇಂಗ್ಲಿಷ್ ಅನುವಾದಕರು ಬಳಸಿದ ಪದಗಳಲ್ಲೊಂದು ‘ಇಮ್ಯುನಿಟಿ’. ಲ್ಯಾಟಿನ್ನಿನ ‘ಇಮ್ಯುನಿಸ್’ ಕೂಡ ತೆರಿಗೆ, ಊಳಿಗಗಳ ಹೊರೆಯಿಲ್ಲದವನೇ. ವೈದ್ಯರು ಅದನ್ನು ಎತ್ತಿಕೊಂಡರು. ಕನ್ನಡದಲ್ಲಿ ‘ರೋಗನಿರೋಧಕ ಶಕ್ತಿ’ ಎಂದಾಗ ವಿನಾಯಿತಿಯ ಎಳೆ ಕಡಿದುಹೋಯಿತು. ನನಗೆ ಅದು ದೊಡ್ಡ ನಷ್ಟ. ಮೈಯ ಆ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ ಇಮ್ಯುನೊಥೆರಪಿಯನ್ನು ತಿಳಿಸಲು ಆ ಎಳೆಯೇ ಬೇಕು.

ಕ್ಯಾನ್ಸರ್ ಕೋಶಗಳು ಎಷ್ಟೋ ಸಲ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊತ್ತಿರುತ್ತವೆ. ಅವನ್ನು ಕೊಲ್ಲಲು ಬಂದ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶ ಅದನ್ನು ಮುಟ್ಟಿ ಸುಮ್ಮನಾಗುತ್ತದೆ. ಅದು ಕೂಟಶಾಸನ, ಖೊಟ್ಟಿ ವಿನಾಯಿತಿ. ಪೆಂಬ್ರೊಲಿಜುಮಾಬ್‌ನಂಥ ಔಷಧ ಟಿ ಕೋಶಕ್ಕೆ ಅಂಟಿಕೊಂಡು, ಆ ಖೊಟ್ಟಿ ಬರಹ ಅದಕ್ಕೆ ತಟ್ಟದಂತೆ ಮಾಡುತ್ತದೆ. ಇಂಥ ತಡೆಗಳನ್ನು ತೆಗೆಯುವ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಬಳ್ಳಾರಿಯ ಆ ಹಿರಿಯರನ್ನು ಕಾಡುವ ಪ್ರಾಸ್ಟೇಟ್ ಕ್ಯಾನ್ಸರಿನ ಗಡ್ಡೆಗಳ ಕಥೆ ಬೇರೆ. ಬಹುಪಾಲು ಗಡ್ಡೆಗಳೊಳಗೆ ಟಿ ಕೋಶಗಳೇ ವಿರಳ. ಸುಂಕದವನೇ ಬಾರದ ಊರಿನಲ್ಲಿ ಕೂಟಶಾಸನವನ್ನು ಒಡೆದರೇನು ಬಂತು? ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವ ಕೆಲವೇ ಗಡ್ಡೆಗಳಲ್ಲಿ ಈ ಔಷಧ ಚೆನ್ನಾಗಿ ಫಲಿಸಬಹುದು. ಅದಕ್ಕೆ ಪರೀಕ್ಷೆ ಬೇಕು. ಇನ್ನೊಂದು ದಾರಿ ಸಿಪುಲ್ಯೂಸೆಲ್-ಟಿ. ರೋಗಿಯ ರಕ್ತದ ಕೋಶಗಳನ್ನೇ ತೆಗೆದು, ಪ್ರಾಸ್ಟೇಟಿನ ಪ್ರೋಟೀನೊಂದರ ಗುರುತು ಕಲಿಸಿ, ಮೂರು ಸಲ ಮರಳಿ ಮೈಗೆ ಏರಿಸುತ್ತಾರೆ. 2010ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹಾರ್ಮೋನ್ ಚಿಕಿತ್ಸೆಗೂ ಬಗ್ಗದೆ ಹರಡಿದ ರೋಗವಿದ್ದವರಲ್ಲಿ ಆಯಸ್ಸು, ಮಧ್ಯಾಂಕದ ಲೆಕ್ಕದಲ್ಲಿ, ಸುಮಾರು 4 ತಿಂಗಳು ಹೆಚ್ಚಿತು.

ಶಾಸನದ ಪರಿಹಾರಕ್ಕೆ ಸೂರ್ಯ ಚಂದ್ರರು ಇರುವವರೆಗೆ ಅವಧಿ. ಈ ಚಿಕಿತ್ಸೆಯ ಪರಿಹಾರಕ್ಕೆ, ಸಿರುಗುಪ್ಪದಲ್ಲಿ ಭತ್ತದ ಒಂದು ಬೆಳೆ ಕೈಗೆ ಬರುವಷ್ಟು.