ಅವ್ವನ ಗಂಡಭೇರುಂಡ ಪದಕ

ದಾವಣಗೆರೆ ದುರ್ಗಮ್ಮನ ಜಾತ್ರಿ ಅಂಗಡ್ಯಾಗ ಮಗಳು ಗಂಡಭೇರುಂಡ ಪದಕ ಆರಿಸಿದ್ಲು. ನಂಗ ಅವ್ವನ ರೋಲ್ಡ್‌ಗೋಲ್ಡ್ ಪದಕ ನೆನಪಾತು ನೋಡ್ರಿ. ಎರಡು ತಲೆಯ ಈ ಹಕ್ಕಿ ಮೈಸೂರು ಒಡೆಯರ ಲಾಂಛನ. ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಐತಿ. ಒಡೆಯರಿಗಿಂತ ಎಷ್ಟೋ ಮೊದಲೇ, 1047ರಲ್ಲಿ, ಬಳ್ಳಿಗಾವಿ ಕಂಬದ ಮ್ಯಾಲೆ ನಿಂತಿತ್ತು.

1963ರಲ್ಲಿ ಬಂಗಾರ ನಿಯಂತ್ರಣ ಬಂತು. ಹೊಸ ಒಡವೆ 14 ಕ್ಯಾರೆಟ್ ದಾಟಂಗಿರಲಿಲ್ಲ. ಮರುವರ್ಷ ಹರಿಹರದಾಗ ಅವ್ವನ ಮದುವಿ. ತಾಳಿ ಬಿಟ್ರ ಕೊರಳಾಗ ಇದ್ದದ್ದು ಈ ಪದಕ ಒಂದೇ. ಮುಂದ ಕೂಡಿಟ್ಟು ಮಾಡಿಸಿದ ಬಂಗಾರವೆಲ್ಲ ನನ್ನ ಮದುವಿಗೆ ಕರಗಿತು. ಪದಕಾನ ಅಡ ಇಟ್ಕೊಳ್ಳೋರು ಯಾರೂ ಇರಲಿಲ್ಲ, ಅದಕ್ಕೇ ಉಳೀತು. ನಾನೋ, ನಾಚಿಕೊಂಡು ಟ್ರಂಕಿನ್ಯಾಗ ಬಚ್ಚಿಟ್ಟಿದ್ದೆ.

"ದುಡ್ಡು ಕೊಡಬ್ಯಾಡವ್ವ, ಮನ್ಯಾಗ ಐತಿ" ಅಂದೆ ಮಗಳಿಗೆ.